ಆನ್‌ಲೈನ್ ಬರಹಗಾರರಿಗೆ ಚಂದಾ ಕೊಡುವ ಮೊದಲು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದಲ್ಲಿ ಓದುವ ಹವ್ಯಾಸದವರು ನಾಲ್ಕು ಜನ ಕೂಡಿದರೆ ಈಚೆಗೆ ಈ ಮಾತು ಬಂದೇ ಬರುತ್ತದೆ. ಅಂತರ್ಜಾಲದಲ್ಲಿ ಬರೆಯುವ ಅನೇಕರು ಈಗ ಓದುಗರಿಂದ ನೇರವಾಗಿ ಚಂದಾ ಕೇಳುತ್ತಿದ್ದಾರೆ. ಎಲ್ಲರಿಗೂ ಕೊಡುವುದು ಯಾರಿಂದಲೂ ಆಗದು, ಯಾರಿಗೂ ಕೊಡದೆ ಓದುತ್ತ ಹೋಗುವುದಕ್ಕೂ ಮನಸ್ಸು ಒಪ್ಪದು. ಮಾಳಮಡ್ಡಿಯ ನಿವೃತ್ತ ಶಿಕ್ಷಕರು, ಸಪ್ತಾಪುರದಲ್ಲಿ ಕೋಣೆ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯುವಕ ಯುವತಿಯರು, ಹುಬ್ಬಳ್ಳಿಯ ವ್ಯಾಪಾರಸ್ಥರು ನನ್ನನ್ನು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಇಟ್ಟುಕೊಂಡು, ಒಬ್ಬ ಓದುಗನಾಗಿ ನನಗೆ ಸರಿ ಕಂಡ ಉತ್ತರಗಳನ್ನು ಬರೆದಿದ್ದೇನೆ.

ಇಷ್ಟೆಲ್ಲ ಪುಕ್ಕಟೆ ಸಿಗುವಾಗ ರೊಕ್ಕ ಏಕೆ ಕೊಡಬೇಕು?

ಪುಕ್ಕಟೆ ಸಿಗುವ ಬರಹಕ್ಕೂ ಯಾರೋ ಒಬ್ಬರು ಹಣ ಕೊಟ್ಟಿರುತ್ತಾರೆ. ಜಾಹೀರಾತುದಾರರು ಕೊಟ್ಟಿದ್ದರೆ ಅವರಿಗೆ ಬೇಕಾದದ್ದು ಹೆಚ್ಚು ಬರುತ್ತದೆ. ಬರಹಗಾರರೇ ತಮ್ಮ ಸಂಬಳದಿಂದ, ತಮ್ಮ ನಿದ್ದೆಯಿಂದ ಕೊಟ್ಟಿದ್ದರೆ ಆ ಬರಹ ಹೆಚ್ಚು ಕಾಲ ನಡೆಯುವುದಿಲ್ಲ. ಓದುಗರು ಕೊಟ್ಟಾಗ ಮಾತ್ರ ಬರೆಯುವವರು ಓದುಗರ ಮುಖ ನೋಡಿ ಬರೆಯಲು ಸಾಧ್ಯವಾಗುತ್ತದೆ.

ನಮ್ಮ ಭಾಗಕ್ಕೆ ಇದು ಹೊಸ ಪದ್ಧತಿಯೇನೂ ಅಲ್ಲ. ಇಂದಿನ ಹಾವೇರಿ ಜಿಲ್ಲೆಯ ಅಗಡಿಯ ಆನಂದವನದಿಂದ 1907ರಲ್ಲಿ ಹೊರಡಲಾರಂಭಿಸಿದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಹಳ್ಳಿಹಳ್ಳಿಯ ವರ್ಗಣಿದಾರರನ್ನು, ಎಂದರೆ ಚಂದಾದಾರರನ್ನು, ನಂಬಿ ನಡೆದದ್ದು. ಅದರ ಸಂಪಾದಕರಾಗಿ ದುಡಿದ ಗಳಗನಾಥರು, ಎಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು, ಕನ್ನಡದಲ್ಲಿ ಓದುಗರೇ ಇಲ್ಲವೆಂಬ ಮಾತು ಚಾಲ್ತಿಯಲ್ಲಿದ್ದ ಕಾಲದಲ್ಲಿ ತಮ್ಮ ಪುಸ್ತಕಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಇಷ್ಟು ಮಾಡಿಯೂ 1942ರಲ್ಲಿ ತೀರಿಕೊಳ್ಳುವಾಗ ಬಡತನದಲ್ಲಿಯೇ ಇದ್ದರು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥ ಮಾಲೆ ಚಂದಾದಾರರನ್ನು ಕೂಡಿಸಿಕೊಂಡೇ ಬೆಳೆಯಿತು. 1964ರಲ್ಲಿ ಚಂದ್ರಶೇಖರ ಪಾಟೀಲ, ಸಿದ್ಧಲಿಂಗ ಪಟ್ಟಣಶೆಟ್ಟಿ ಮತ್ತು ಗಿರಡ್ಡಿ ಗೋವಿಂದರಾಜ ಅವರು ಧಾರವಾಡದಿಂದ ಹೊರತಂದ ‘ಸಂಕ್ರಮಣ’ದಂಥ ಸಣ್ಣ ಪತ್ರಿಕೆಗಳ ಹಿಂದೆಯೂ ಮನಿ ಆರ್ಡರ್ ಮಾಡಿ ವಾರ್ಷಿಕ ಚಂದಾ ತಲುಪಿಸುತ್ತಿದ್ದ ಓದುಗರು ಇದ್ದರು. ಆ ಮನಿ ಆರ್ಡರ್ ಇಂದು ಯುಪಿಐ ಆಗಿದೆ, ಅಷ್ಟೇ. ಆದರೆ ಅಂದಿನ ಓದುಗರಿಗೆ ಆರಿಸಿಕೊಳ್ಳಲು ಹತ್ತಾರು ಪತ್ರಿಕೆಗಳಿದ್ದವು. ಇಂದು ಸಾವಿರಾರು ಜನ ಬರೆಯುತ್ತಾರೆ. ಆರಿಸುವ ಕೆಲಸ ಕಠಿಣವಾಗಿರುವುದು ಆ ಕಾರಣಕ್ಕೆ.

ಹಾಗಾದರೆ ಯಾರನ್ನು ಆರಿಸಬೇಕು? ಮೊದಲು ನೋಡಬೇಕಾದದ್ದು ಏನು?

ಆ ವ್ಯಕ್ತಿ ಬರೆಯದಿದ್ದರೆ ಆ ವಿಷಯ ನಿಮಗೆ ಬೇರೆ ಎಲ್ಲಿಯಾದರೂ ತಿಳಿಯುತ್ತಿತ್ತೇ ಎಂದು ಕೇಳಿಕೊಳ್ಳಿ. ನನ್ನ ಮಟ್ಟಿಗೆ ಉಳಿದ ಎಲ್ಲ ಲೆಕ್ಕಗಳಿಗಿಂತ ಇದು ದೊಡ್ಡದು. ಶೈಲಿ ಚೆನ್ನಾಗಿರುವುದು, ವಾರಕ್ಕೆ ಮೂರು ಬಾರಿ ಬರೆಯುವುದು, ಸಾವಿರಾರು ಜನ ಹಿಂಬಾಲಿಸುವುದು ಎಲ್ಲವೂ ಇದರ ನಂತರ.

ಉದಾಹರಣೆಗೆ, ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಬಗ್ಗೆ ಇಬ್ಬರು ಬರೆಯುತ್ತಾರೆ ಎಂದುಕೊಳ್ಳೋಣ. 2024ರ ಮಾರ್ಚ್‌ನಲ್ಲಿ ದರ ಕುಸಿದು ರೈತರು ಸಿಟ್ಟಿಗೆದ್ದು ಅಲ್ಲಿ ಗಲಭೆಯಾಗಿ, ವಾಹನಗಳಿಗೆ ಬೆಂಕಿ ಬಿದ್ದ ಸುದ್ದಿ ಎಲ್ಲರಿಗೂ ಗೊತ್ತು. ಮೊದಲನೆಯವರು ಆ ದಿನದ ಪತ್ರಿಕಾ ವರದಿಗಳನ್ನು ಒಟ್ಟುಗೂಡಿಸಿ, ರೈತರ ಬವಣೆಯ ಬಗ್ಗೆ ಭಾವಪೂರ್ಣವಾಗಿ ಎರಡು ಪುಟ ಬರೆಯುತ್ತಾರೆ; ಓದಿದರೆ ಮನ ಕರಗುತ್ತದೆ. ಎರಡನೆಯವರು ಮಾರುಕಟ್ಟೆಗೆ ಹೋಗಿ ನಿಲ್ಲುತ್ತಾರೆ. ದಲಾಲರ ಅಂಗಡಿಯ ಮುಂದೆ ಬಾಯಿ ಬಿಚ್ಚಿಟ್ಟ ಚೀಲದಲ್ಲಿ ಖರೀದಿದಾರ ಹೇಗೆ ಕೈ ಹಾಕುತ್ತಾನೆ, ಒಂದು ಕಾಯಿಯನ್ನು ಮುರಿದು ತೇವ ಎಷ್ಟಿದೆಯೆಂದು ಹೇಗೆ ಅಂದಾಜು ಮಾಡುತ್ತಾನೆ, ಡಬ್ಬಿ ಮತ್ತು ಕಡ್ಡಿ ತಳಿಗಳ ದರದಲ್ಲಿ ಅಂತರ ಏಕೆ ಬರುತ್ತದೆ, ಹಿಂದಿನ ವರ್ಷದ ಮಾಲು ಕೋಲ್ಡ್ ಸ್ಟೋರೇಜ್‌ನಲ್ಲಿ ಉಳಿದಿದ್ದರೆ ಈ ವರ್ಷದ ಟೆಂಡರಿನ ಮೇಲೆ ಅದರ ಪರಿಣಾಮ ಏನು ಎಂಬುದನ್ನೆಲ್ಲ ಕೇಳಿ, ನೋಡಿ, ಬೇರೆ ಬೇರೆಯವರ ಮಾತನ್ನು ತಾಳೆ ಹಾಕಿ ಬರೆಯುತ್ತಾರೆ. ಅವರ ಗದ್ಯ ಮೊದಲನೆಯವರದಷ್ಟು ಸೊಗಸಾಗಿಲ್ಲದಿರಬಹುದು. ಆದರೂ ನಿಮ್ಮ ಚಂದಾ ಸಲ್ಲಬೇಕಾದದ್ದು ಎರಡನೆಯವರಿಗೆ, ಏಕೆಂದರೆ ಅವರು ಬಸ್ ಹತ್ತಿ ಬ್ಯಾಡಗಿಗೆ ಹೋಗದಿದ್ದರೆ ಆ ತಿಳಿವಳಿಕೆ ಅಕ್ಷರಕ್ಕೆ ಇಳಿಯುತ್ತಲೇ ಇರಲಿಲ್ಲ, ಮತ್ತು ಹಾಗೆ ಹೋಗಿಬರುವುದಕ್ಕೆ ಖರ್ಚು ಇದೆ.

ಎಲ್ಲ ಬರಹಕ್ಕೂ ಊರು ತಿರುಗುವುದೇ ಅಳತೆ ಎಂದು ಇದರಿಂದ ತಿಳಿಯಬಾರದು. ಮಲ್ಲಿಕಾರ್ಜುನ ಮನ್ಸೂರರ ಒಂದೇ ರಾಗದ ಹಲವು ಧ್ವನಿಮುದ್ರಣಗಳನ್ನು ಮನೆಯಲ್ಲಿಯೇ ಕುಳಿತು ಕೇಳಿ, ಅವರು ಎಲ್ಲಿ ಯಾವ ಸ್ವರದ ಮೇಲೆ ನಿಂತರು ಎಂದು ತಿಳಿಯಾಗಿ ವಿವರಿಸುವವರ ಶ್ರಮವೂ ಅಷ್ಟೇ ದೊಡ್ಡದು. ಕಥೆ, ಕವಿತೆ ಬರೆಯುವವರ ವಿಷಯದಲ್ಲಿ ಅಳತೆ ಇನ್ನೂ ಸರಳ: ಅವರ ಹಳೆಯದೊಂದನ್ನು ನೀವು ಹುಡುಕಿ ಮತ್ತೆ ಓದಿದ್ದೀರಾ? ಓದಿದ್ದರೆ ಕೊಡಿ.

ಚಂದಾ ಕೊಡುವ ಮೊದಲು ಎಷ್ಟು ಕಾಲ ಓದಿ ನೋಡಬೇಕು?

ಕನಿಷ್ಠ ಎರಡು ಮೂರು ತಿಂಗಳು ಅವರ ಉಚಿತ ಬರಹಗಳನ್ನು ಓದಿ, ನಂತರ ನಿರ್ಧಾರ ಮಾಡಿರಿ. ಒಂದು ಬರಹ ಎಲ್ಲೆಡೆ ಹರಿದಾಡಿ ಮೆಚ್ಚುಗೆ ಪಡೆದ ರಾತ್ರಿಯೇ ಚಂದಾದಾರರಾದವರಲ್ಲಿ ಹೆಚ್ಚಿನವರು ಆಮೇಲೆ ಆ ಬರಹಗಾರರನ್ನು ಓದುವುದೇ ಇಲ್ಲ. ಹಳೆಯ ಬರಹಗಳಿಗೆ ಹೋಗುವುದು ಇನ್ನೂ ಒಳ್ಳೆಯದು. ಒಂದು ವರ್ಷದ ಹಿಂದೆ ಬರೆದದ್ದು ಇಂದಿಗೂ ಓದಿಸಿಕೊಳ್ಳುತ್ತದೆಯೇ, ಅಂದು ಹೇಳಿದ ಮಾತು ತಪ್ಪಾಗಿದ್ದರೆ ಅದನ್ನು ಒಪ್ಪಿಕೊಂಡು ತಿದ್ದಿದ್ದಾರೆಯೇ ಅಥವಾ ಸದ್ದಿಲ್ಲದೆ ಅಳಿಸಿದ್ದಾರೆಯೇ ಎಂದು ನೋಡಿ. ತಿದ್ದುಪಡಿಯನ್ನು ದಿನಾಂಕ ಸಮೇತ ಬರಹದ ಕೆಳಗೆ ಹಾಕುವವರನ್ನು ನಾನು ಕಣ್ಣುಮುಚ್ಚಿ ನಂಬುತ್ತೇನೆ.

ಈಗಾಗಲೇ ಹೆಸರು ಮಾಡಿದವರಿಗೆ ಕೊಡಬೇಕೇ, ಸಣ್ಣವರಿಗೆ ಕೊಡಬೇಕೇ?

ಇಬ್ಬರ ಬರಹವೂ ನಿಮಗೆ ಸಮನಾಗಿ ಬೇಕಾಗಿದ್ದರೆ ಸಣ್ಣವರಿಗೆ ಕೊಡಿ. ಹತ್ತು ಸಾವಿರ ಚಂದಾದಾರರಿರುವವರಿಗೆ ನೀವು ಹತ್ತು ಸಾವಿರದ ಒಂದನೆಯವರು. ನೀವು ಬಂದದ್ದು ಅವರಿಗೆ ತಿಳಿಯುವುದೇ ಇಲ್ಲ. ತಿಂಗಳಿಗೆ 100 ರೂಪಾಯಿಯಂತೆ ನಲವತ್ತು ಜನರಿಂದ 4,000 ರೂಪಾಯಿ ಪಡೆಯುವ ಗದಗಿನ ಒಬ್ಬ ಬರಹಗಾರ್ತಿಗೆ ನಿಮ್ಮಂಥ ಇನ್ನೂ ಹತ್ತು ಜನ ಸೇರಿದರೆ, ಕಪ್ಪತಗುಡ್ಡದ ಬಗ್ಗೆ ಬರೆಯಲು ಎರಡು ದಿನ ಬಿಡುವು ಮಾಡಿಕೊಂಡು ಅಲ್ಲಿನ ಊರುಗಳಿಗೆ ಹೋಗಿಬರುವ ಖರ್ಚು ಹುಟ್ಟುತ್ತದೆ. ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಿದ ಸುದ್ದಿ ಎಲ್ಲ ಕಡೆ ಬಂದಿತ್ತು. ಆ ನಂತರ ಅಲ್ಲಿ ಕುರಿ ಮೇಯಿಸುವವರು, ಔಷಧಿ ಸಸ್ಯ ಬಲ್ಲವರು, ಗುಡ್ಡದ ಅಂಚಿನ ಹೊಲದವರು ಹೇಗಿದ್ದಾರೆ ಎಂದು ವರ್ಷ ವರ್ಷವೂ ಹೋಗಿ ನೋಡುವುದು ಹತ್ತಿರದಲ್ಲಿ ಇರುವವರಿಂದ ಮಾತ್ರ ಆಗುವ ಕೆಲಸ.

ಕನ್ನಡದವರಿಗೋ, ಇಂಗ್ಲಿಷಿನವರಿಗೋ?

ನಿಮ್ಮ ಉದ್ಯೋಗಕ್ಕೆ ಬೇಕಾದ ವಿಷಯವನ್ನು ಇಂಗ್ಲಿಷಿನಲ್ಲಿ ಬರೆಯುವವರಿಗೆ ಚಂದಾ ಕೊಡುವುದು ಸರಿಯಾದ ಖರ್ಚೇ. ಆದರೆ ಇಂಗ್ಲಿಷ್ ಬರಹಗಾರರಿಗೆ ಜಗತ್ತಿನ ಓದುಗರಿದ್ದಾರೆ, ಕನ್ನಡದವರಿಗೆ ನಾವು ಮಾತ್ರ ಇದ್ದೇವೆ. ಈ ಕಾರಣಕ್ಕೆ, ತೆಗೆದಿಟ್ಟ ಹಣದಲ್ಲಿ ಅರ್ಧವಾದರೂ ಕನ್ನಡಕ್ಕೆ ಹೋಗಲಿ ಎಂಬುದು ನನ್ನ ಬಲವಾದ ಅಭಿಪ್ರಾಯ. ಕನ್ನಡದ ಬರಹ ಎಂಬ ಒಂದೇ ಕಾರಣಕ್ಕೆ ಸಾಧಾರಣವಾದದ್ದಕ್ಕೂ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಮೇಲೆ ಹೇಳಿದ ಅಳತೆಯನ್ನು ಕನ್ನಡಕ್ಕೂ ಅಷ್ಟೇ ಬಿಗಿಯಾಗಿ ಹಿಡಿಯಬೇಕು, ಏಕೆಂದರೆ ನಮ್ಮವರೆಂಬ ಅನುಕಂಪದಿಂದ ಬಂದ ಹಣ ಎರಡನೆಯ ವರ್ಷಕ್ಕೆ ನಿಂತುಹೋಗುತ್ತದೆ ಮತ್ತು ಒಳ್ಳೆಯ ಕೆಲಸ ಮಾಡುವವರಿಗೆ ಅದರಿಂದ ಅವಮಾನವೂ ಆಗುತ್ತದೆ.

ವರ್ಷಕ್ಕೆ ಎಷ್ಟು ಹಣ ತೆಗೆದಿಡಬೇಕು?

ಮನೆಗೆ ತರಿಸುವ ದಿನಪತ್ರಿಕೆಯ ಬಿಲ್ಲನ್ನೇ ಅಳತೆಯಾಗಿ ಇಟ್ಟುಕೊಳ್ಳಿ. ಅಷ್ಟೇ ಮೊತ್ತ ಆನ್‌ಲೈನ್ ಬರಹಕ್ಕೂ ಇರಲಿ. ಆ ಮೊತ್ತದಲ್ಲಿ ಮೂರು ಅಥವಾ ನಾಲ್ಕು ಜನರಿಗಿಂತ ಹೆಚ್ಚಿನವರನ್ನು ಸೇರಿಸಬೇಡಿ. ಹದಿನೈದು ಜನರಿಗೆ ಇಷ್ಟಿಷ್ಟು ಹಂಚಿದರೆ ಯಾರನ್ನೂ ಸರಿಯಾಗಿ ಓದಲಾಗುವುದಿಲ್ಲ, ಓದದೆ ಕೊಡುವ ಚಂದಾ ಹೆಚ್ಚು ದಿನ ಬಾಳುವುದಿಲ್ಲ.

ತಿಂಗಳ ಚಂದಾ ಒಳ್ಳೆಯದೋ, ವಾರ್ಷಿಕ ಚಂದಾ ಒಳ್ಳೆಯದೋ? ನಾವು ಕೊಟ್ಟದ್ದರಲ್ಲಿ ಬರಹಗಾರರಿಗೆ ಎಷ್ಟು ಮುಟ್ಟುತ್ತದೆ?

ಈ ಎರಡು ಪ್ರಶ್ನೆಗಳನ್ನು ಕೂಡಿಸಿಯೇ ಉತ್ತರಿಸಬೇಕು. ಬರಹಗಾರರು ಓದುಗರಿಂದ ಚಂದಾ ಪಡೆಯಲು ಬಳಸುವ, 2017ರಲ್ಲಿ ಆರಂಭವಾದ ಸಬ್‌ಸ್ಟ್ಯಾಕ್ ಎಂಬ ವೇದಿಕೆ ಚಂದಾ ಹಣದಲ್ಲಿ 10% ತೆಗೆದುಕೊಳ್ಳುತ್ತದೆ. ಇದರ ಮೇಲೆ ಪಾವತಿ ನಡೆಸಿಕೊಡುವ ಸ್ಟ್ರೈಪ್ ಸಂಸ್ಥೆಯು ಅಮೆರಿಕದ ದರದಂತೆ ಪ್ರತಿ ಪಾವತಿಗೆ 2.9% ಮತ್ತು 30 ಸೆಂಟ್, ಜೊತೆಗೆ ಮರುಕಳಿಸುವ ಚಂದಾ ಎಂಬ ಕಾರಣಕ್ಕೆ 0.7% ಹಿಡಿಯುತ್ತದೆ. ನೀವು ತಿಂಗಳಿಗೆ 5 ಡಾಲರ್ ಕೊಟ್ಟರೆ 50 ಸೆಂಟ್ ಸಬ್‌ಸ್ಟ್ಯಾಕ್‌ಗೆ, ಸುಮಾರು 48 ಸೆಂಟ್ ಸ್ಟ್ರೈಪ್‌ಗೆ ಹೋಗಿ, ಐದರಲ್ಲಿ ಒಂದು ಡಾಲರಿನ ಹತ್ತಿರ ಹತ್ತಿರ ದಾರಿಯಲ್ಲಿಯೇ ಕರಗುತ್ತದೆ. ಅದೇ ವರ್ಷಕ್ಕೆ ಒಮ್ಮೆ 50 ಡಾಲರ್ ಕೊಟ್ಟರೆ ಆ 30 ಸೆಂಟ್ ಹನ್ನೆರಡು ಬಾರಿಯ ಬದಲು ಒಂದೇ ಬಾರಿ ಕಡಿತವಾಗುವುದರಿಂದ ಒಟ್ಟು ಕಡಿತ 7 ಡಾಲರ್ ಆಸುಪಾಸಿಗೆ ನಿಲ್ಲುತ್ತದೆ. ನಿಮಗೂ ರಿಯಾಯಿತಿ, ಅವರಿಗೂ ಕಡಿಮೆ ನಷ್ಟ. ಆದ್ದರಿಂದ ಮೊದಲ ಎರಡು ತಿಂಗಳು ತಿಂಗಳ ಲೆಕ್ಕದಲ್ಲಿ ಕೊಟ್ಟು, ಮನಸ್ಸು ನಿಂತ ಮೇಲೆ ವಾರ್ಷಿಕಕ್ಕೆ ಬದಲಾಯಿಸುವುದು ಸೂಕ್ತ.

ಉಳಿದ ವೇದಿಕೆಗಳ ಪದ್ಧತಿ ಬೇರೆ ಬೇರೆ. ಪೇಟ್ರಿಯಾನ್ 2025ರ ಆಗಸ್ಟ್‌ನಿಂದ ಹೊಸದಾಗಿ ಸೇರುವ ಬರಹಗಾರರಿಂದ 10% ಪಡೆಯುತ್ತಿದೆ. ಯೂಟ್ಯೂಬ್ ತನ್ನ ಸದಸ್ಯತ್ವದ ಹಣದಲ್ಲಿ 30% ಇಟ್ಟುಕೊಳ್ಳುತ್ತದೆ. ಘೋಸ್ಟ್ ಚಂದಾದಲ್ಲಿ ಪಾಲು ಕೇಳುವುದಿಲ್ಲ, ಬರಹಗಾರರಿಂದ ನಿರ್ವಹಣೆಯ ಶುಲ್ಕ ಮಾತ್ರ ಪಡೆಯುತ್ತದೆ. ಮೀಡಿಯಂನಲ್ಲಿ ನೀವು ಒಟ್ಟು ವೇದಿಕೆಗೆ ತಿಂಗಳಿಗೆ 5 ಡಾಲರ್ ಕೊಡುತ್ತೀರಿ, ಯಾರ ಬರಹ ಎಷ್ಟು ಓದಿಸಿಕೊಂಡಿತು ಎಂಬುದರ ಮೇಲೆ ಹಣ ಹಂಚಿಕೆಯಾಗುತ್ತದೆ. ಒಬ್ಬರನ್ನೇ ಬೆಂಬಲಿಸಬೇಕೆನ್ನುವವರಿಗೆ ಅದು ಹೊಂದುವುದಿಲ್ಲ. ಐಫೋನಿನ ಆ್ಯಪ್ ಒಳಗಿಂದ ಚಂದಾ ಕಟ್ಟುವ ಮೊದಲು ಬ್ರೌಸರಿನಲ್ಲಿ ಅದೇ ಚಂದಾದ ದರವನ್ನು ಒಮ್ಮೆ ನೋಡಿ, ಆ್ಯಪಲ್‌ನ ಪಾಲು ಸೇರಿ ಆ್ಯಪ್‌ನಲ್ಲಿ ದರ ಏರಿರುವುದುಂಟು.

ಕನ್ನಡದ ಬರಹಗಾರರು ತಮ್ಮ ಯುಪಿಐ ವಿಳಾಸ ಅಥವಾ ಕ್ಯೂಆರ್ ಕೋಡ್ ಹಾಕಿದ್ದರೆ ಅದೇ ಅತ್ಯುತ್ತಮ ದಾರಿ. ನಿಮ್ಮ ಬ್ಯಾಂಕ್ ಖಾತೆಯಿಂದ ಅವರ ಖಾತೆಗೆ ನೇರವಾಗಿ ಹೋದ 500 ರೂಪಾಯಿ ಪೂರ್ತಿ 500 ರೂಪಾಯಿಯಾಗಿಯೇ ಮುಟ್ಟುತ್ತದೆ. ನಮ್ಮವರು ಸಬ್‌ಸ್ಟ್ಯಾಕ್‌ನಲ್ಲಿ ಚಂದಾ ಏಕೆ ಇಡುವುದಿಲ್ಲ ಎಂದು ಕೆಲವರು ಕೇಳುತ್ತಾರೆ. ಅಲ್ಲಿ ಹಣ ಪಡೆಯಲು ಸ್ಟ್ರೈಪ್ ಖಾತೆ ಬೇಕು, ಭಾರತದಲ್ಲಿ ಸ್ಟ್ರೈಪ್ 2024ರಿಂದ ಆಹ್ವಾನ ಇದ್ದವರಿಗೆ ಮಾತ್ರ ಹೊಸ ಖಾತೆ ಕೊಡುತ್ತಿದೆ. ಉಚಿತವಾಗಿ ಬರೆಯುತ್ತ ಕೊನೆಯಲ್ಲಿ ಕ್ಯೂಆರ್ ಕೋಡ್ ಹಾಕುವವರನ್ನು ಕಂಡರೆ ಅವರಿಗೆ ಹಣದ ಅಗತ್ಯವಿಲ್ಲ ಎಂದು ದಯವಿಟ್ಟು ತಿಳಿಯಬೇಡಿ.

ವಿದೇಶಿ ವೇದಿಕೆಗೆ ಕಾರ್ಡಿನಿಂದ ಕೊಟ್ಟ ಚಂದಾ ಎರಡನೆಯ ತಿಂಗಳು ನಿಂತುಹೋಗುತ್ತದೆ. ಏಕೆ?

ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಬಿಗಿಯಾಗಿದೆ. ಕಾರ್ಡಿನಿಂದ ತಾನಾಗಿಯೇ ಹಣ ಕಡಿತವಾಗಬೇಕಾದರೆ ಮೊದಲು ನೀವು ಒಟಿಪಿ ಕೊಟ್ಟು ಇ-ಮ್ಯಾಂಡೇಟ್, ಎಂದರೆ ಮುಂದಿನ ಕಡಿತಗಳಿಗೆ ಮುಂಗಡ ಒಪ್ಪಿಗೆ, ನೋಂದಾಯಿಸಿರಬೇಕು, ಮತ್ತು ಪ್ರತಿ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಬ್ಯಾಂಕ್ ನಿಮಗೆ ಸೂಚನೆ ಕಳಿಸಬೇಕು. 2022ರಲ್ಲಿ ಹೆಚ್ಚಿಸಿದ ಮಿತಿಯಂತೆ 15,000 ರೂಪಾಯಿಯವರೆಗಿನ ಕಂತುಗಳಿಗೆ ಪ್ರತಿ ಸಲ ಒಟಿಪಿ ಬೇಕಿಲ್ಲ. ಈ ವ್ಯವಸ್ಥೆಗೆ ಹೊಂದಿಕೊಳ್ಳದ ವೇದಿಕೆಗಳ ಕಡಿತವನ್ನು ಬ್ಯಾಂಕ್ ತಿರಸ್ಕರಿಸುತ್ತದೆ. ಇಂಥಲ್ಲಿ ವಾರ್ಷಿಕ ಚಂದಾವನ್ನು ಒಂದೇ ಸಲಕ್ಕೆ ಕಟ್ಟುವುದರಿಂದ ತೊಂದರೆ ತಪ್ಪುತ್ತದೆ. ಡಾಲರಿನಲ್ಲಿ ಕಟ್ಟುವಾಗ ನಿಮ್ಮ ಬ್ಯಾಂಕ್ ವಿದೇಶಿ ವಿನಿಮಯದ ಶುಲ್ಕವನ್ನೂ ಸೇರಿಸುತ್ತದೆ ಎಂಬುದು ಲೆಕ್ಕದಲ್ಲಿರಲಿ.

ಸ್ವದೇಶಿ ವೇದಿಕೆಗಳಲ್ಲಿ ಯುಪಿಐ ಆಟೋಪೇ ಇರುತ್ತದೆ. ನಿಮ್ಮ ಯುಪಿಐ ಆ್ಯಪ್‌ನ ಮ್ಯಾಂಡೇಟ್ ಅಥವಾ ಆಟೋಪೇ ವಿಭಾಗದಲ್ಲಿ ಎಲ್ಲ ಚಂದಾಗಳೂ ಒಂದೇ ಕಡೆ ಕಾಣುತ್ತವೆ, ಅಲ್ಲಿಂದಲೇ ರದ್ದು ಮಾಡಬಹುದು. “ನಿಮ್ಮ ಚಂದಾ ಮುಗಿದಿದೆ, ಈ ಲಿಂಕ್ ಒತ್ತಿ” ಎಂದು ಬರುವ ಸಂದೇಶದ ಲಿಂಕನ್ನು ಎಂದೂ ಒತ್ತಬಾರದು. ಬರಹಗಾರರ ಪುಟವನ್ನು ನೀವಾಗಿಯೇ ತೆರೆದು ನೋಡಿ. ಮೋಸವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಾನು ಒಪ್ಪದ ವಿಚಾರ ಬರೆಯುವವರಿಗೆ ಚಂದಾ ಮುಂದುವರಿಸಬೇಕೇ?

ಮಹದಾಯಿ ವಿಷಯದಲ್ಲಿ, ಭಾಷೆಯ ವಿಷಯದಲ್ಲಿ, ರಾಜಕೀಯದಲ್ಲಿ ನಿಮ್ಮ ಮನಸ್ಸಿಗೆ ಬಂದದ್ದನ್ನೇ ಬರೆಯುವವರನ್ನು ಹುಡುಕಿ ಹಣ ಕೊಟ್ಟರೆ ಬರಹಗಾರರು ಬಹುಬೇಗ ನಿಮಗೆ ಹಿತವಾದದ್ದನ್ನು ಮಾತ್ರ ಬರೆಯಲು ಕಲಿಯುತ್ತಾರೆ. ಅಂಕಿಅಂಶ ಮರೆಮಾಚದೆ, ಎದುರು ಪಕ್ಷದ ವಾದವನ್ನು ಅವರ ಬಾಯಲ್ಲೇ ಬಂದಂತೆ ಸರಿಯಾಗಿ ಹೇಳಿ, ಆಮೇಲೆ ತಮ್ಮ ನಿಲುವನ್ನು ಮಂಡಿಸುವವರಾದರೆ ಮುಂದುವರಿಸಿ. ಒಂದು ಸಮುದಾಯದ ಮೇಲೆ ದ್ವೇಷ ಹಬ್ಬಿಸುವವರಿಗೆ, ಸುಳ್ಳೆಂದು ಗೊತ್ತಿದ್ದೂ ಬರೆಯುವವರಿಗೆ ಒಂದು ರೂಪಾಯಿಯನ್ನೂ ಕೊಡಬಾರದು.

ಕೃತಕ ಬುದ್ಧಿಮತ್ತೆಯ (ಎಐ) ಯಂತ್ರದಿಂದ ಬರೆಸಿದ್ದಾರೆಂಬ ಅನುಮಾನ ಬಂದರೆ?

ನೇರವಾಗಿ ಬರೆದು ಕೇಳಿ. ಅನುವಾದಕ್ಕೋ ಕಾಗುಣಿತ ನೋಡುವುದಕ್ಕೋ ಬಳಸಿದ್ದನ್ನು ಪ್ರಾಮಾಣಿಕವಾಗಿ ಹೇಳುವವರ ಬಗ್ಗೆ ನನಗೆ ತಕರಾರಿಲ್ಲ. ಯಾವ ಊರಿಗೆ ಹೋದಿರಿ, ಯಾರನ್ನು ಮಾತಾಡಿಸಿದಿರಿ ಎಂಬುದಕ್ಕೆ ಉತ್ತರ ಬಾರದಿದ್ದರೆ, ಎಲ್ಲ ಊರೂ ಒಂದೇ ಥರ ಕಾಣುವ ಬರಹವೇ ಮತ್ತೆ ಮತ್ತೆ ಬರುತ್ತಿದ್ದರೆ, ಚಂದಾ ನಿಲ್ಲಿಸಬಹುದು.

ಒಂದು ಚಂದಾ ಕಟ್ಟಿ ಮನೆಯವರೆಲ್ಲ ಓದಬಹುದೇ? ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಹುದೇ?

ಮನೆಯವರು ಓದುವುದರಲ್ಲಿ ತಪ್ಪಿಲ್ಲ. ನೂರಿನ್ನೂರು ಜನರ ಗುಂಪಿಗೆ ಚಂದಾದಾರರ ಬರಹವನ್ನು ಪೂರ್ತಿ ನಕಲು ಮಾಡಿ ಹಾಕುವುದು ತಪ್ಪು. ಬರೆದವರ ಅನ್ನಕ್ಕೆ ಅದು ನೇರವಾಗಿ ಕೈ ಹಾಕಿದಂತೆ. ಮೊದಲ ಪ್ಯಾರಾ ಮತ್ತು ಕೊಂಡಿ ಹಾಕಿ, ಇದರಲ್ಲಿ ನಿಮಗೆ ಹಿಡಿಸಿದ್ದು ಏನು ಎಂದು ಎರಡು ಸಾಲು ಬರೆಯಿರಿ. ಗ್ರಂಥಾಲಯ, ಕಾಲೇಜು, ಓದುಗ ಬಳಗಗಳು ಒಟ್ಟಾಗಿ ಕೊಡುವುದಾದರೆ ಬರಹಗಾರರನ್ನೇ ಕೇಳಿ ಗುಂಪು ಚಂದಾದ ದರ ಗೊತ್ತುಮಾಡಿಕೊಳ್ಳಿ.

ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆಯೇ?

ಇಲ್ಲ. ಅಂಥ ವಿನಾಯಿತಿ ಅನುಮೋದಿತ ಸಂಸ್ಥೆಗಳಿಗೆ ಕೊಟ್ಟ ದೇಣಿಗೆಗೆ ಮಾತ್ರ. ವಿದೇಶಿ ವೇದಿಕೆಗಳ ಬಿಲ್ಲಿನಲ್ಲಿ 18% ಜಿಎಸ್‌ಟಿ ಕಂಡರೆ ಅದು ನಿಯಮದಂತೆಯೇ ಇದೆ.

ಕೊಡುವ ಶಕ್ತಿ ಇಲ್ಲದ ವಿದ್ಯಾರ್ಥಿಗಳು ಏನು ಮಾಡಬೇಕು?

ಬರಹಗಾರರಿಗೆ ಪತ್ರ ಬರೆದು ಕೇಳಲು ಸಂಕೋಚಪಡಬೇಡಿ. ಸಬ್‌ಸ್ಟ್ಯಾಕ್‌ನಂಥ ವೇದಿಕೆಗಳಲ್ಲಿ ತಮಗೆ ಬೇಕಾದವರಿಗೆ ಪುಕ್ಕಟೆ ಪ್ರವೇಶ ಕೊಡುವ ಅನುಕೂಲ ಬರಹಗಾರರಿಗೆ ಇದೆ, ಕೇಳಿದ ವಿದ್ಯಾರ್ಥಿಗೆ ಇಲ್ಲವೆನ್ನುವವರು ಕಡಿಮೆ. ಬದಲಿಗೆ ಕಣ್ಣಿಗೆ ಬಿದ್ದ ತಪ್ಪುಗಳನ್ನು ತಿಳಿಸಿ, ನಿಮ್ಮ ಊರಿನ ಮಾಹಿತಿ ಕೊಡಿ. ನವಲಗುಂದದ ಹುಡುಗಿಯೊಬ್ಬಳು ತನ್ನೂರಿನ ಜಮಖಾನೆ ನೇಯುವವರ ಮನೆಯಲ್ಲಿ ಈಗ ಎಷ್ಟು ಮಗ್ಗ ನಡೆಯುತ್ತಿವೆ ಎಂದು ನೋಡಿ ಬಂದು ತಿಳಿಸಿದರೆ, ಅದನ್ನು ಕುರಿತು ಬರೆಯುತ್ತಿರುವವರಿಗೆ ಒಂದು ವರ್ಷದ ಚಂದಾಕ್ಕಿಂತ ಅದು ದೊಡ್ಡದು.

ಚಂದಾ ನಿಲ್ಲಿಸಬೇಕೆನಿಸಿದಾಗ?

ವರ್ಷಕ್ಕೊಮ್ಮೆ, ನವೀಕರಣದ ಸೂಚನೆ ಬಂದ ದಿನ, ಆ ಬರಹಗಾರರ ಕಳೆದ ವರ್ಷದ ಶೀರ್ಷಿಕೆಗಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ. ಅವುಗಳಲ್ಲಿ ಮೂರನ್ನಾದರೂ ನೀವು ಕೊನೆಯವರೆಗೆ ಓದಿ ಯಾರಿಗಾದರೂ ಹೇಳಿದ್ದರೆ ಮುಂದುವರಿಸಿ. ಬರಹಗಾರರು ಕಾಯಿಲೆಯಿಂದಲೋ ಮನೆಯ ತಾಪತ್ರಯದಿಂದಲೋ ಕೆಲಕಾಲ ಬರೆಯದೆ ಇದ್ದು, ಹಾಗೆಂದು ತಿಳಿಸಿದ್ದರೆ ಒಂದು ಅವಧಿಯಾದರೂ ಕಾಯುವುದು ಧರ್ಮ. ಒಂದು ಮಾತೂ ಹೇಳದೆ ಆರು ತಿಂಗಳು ಮಾಯವಾಗಿ ಹಣ ಮಾತ್ರ ಪಡೆಯುತ್ತಿದ್ದರೆ ಕಾಯಬೇಕಿಲ್ಲ. ನಿಲ್ಲಿಸುವಾಗ ಕಾರಣವನ್ನು ಎರಡು ಸಾಲಿನಲ್ಲಿ ಅವರಿಗೆ ಬರೆಯಿರಿ. ಹಣದ ಅಡಚಣೆ ಎಂದಾದರೆ ಹಾಗೆಯೇ ಬರೆಯಿರಿ, ಬರಹ ಸಪ್ಪೆಯಾಯಿತು ಎಂದಾದರೆ ಯಾವ ಬರಹದಿಂದ ಹಾಗೆನಿಸತೊಡಗಿತು ಎಂದು ಹೆಸರಿಸಿ ಬರೆಯಿರಿ.